ಆರೋಗ್ಯ ಪ್ರಶ್ನೋತ್ತರ: ರಿಪೋರ್ಟಿನಲ್ಲಿ ‘ಚಿಪ್’ ಎಂದು ಬಂದಿದೆ, ಏನು ಮಾಡಲಿ?

ವಯಸ್ಸಾದಂತೆ ರಕ್ತದ ಆಕರಕೋಶಗಳಲ್ಲಿ ಆಗುವ ಜೀನ್ ಬದಲಾವಣೆಗಳ ಬಗ್ಗೆ ಕಾಸರಗೋಡು ಜಿಲ್ಲೆಯ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ಉತ್ತರಿಸಿದವರು ನಮ್ಮ ಅಂಕಣದ ರಕ್ತರೋಗ ತಜ್ಞರು.

ಪ್ರಶ್ನೆ: ನಮ್ಮ ತಂದೆಯವರಿಗೆ 72 ವರ್ಷ. ಕಳೆದ ಮಳೆಗಾಲದಲ್ಲಿ ಜ್ವರ ಬಂದು ಪ್ಲೇಟ್‌ಲೆಟ್ ಇಳಿದಿತ್ತು. ಮಂಗಳೂರಿನಲ್ಲಿ ಹಲವು ಪರೀಕ್ಷೆಗಳ ಜೊತೆ ರಕ್ತದ ಜೀನ್ ಪರೀಕ್ಷೆಯನ್ನೂ ಮಾಡಿಸಿದರು. ಈಗ ಪ್ಲೇಟ್‌ಲೆಟ್ 2.1 ಲಕ್ಷ, ಹಿಮೋಗ್ಲೋಬಿನ್ 13.8. ಆದರೆ ಜೀನ್ ರಿಪೋರ್ಟಿನಲ್ಲಿ ‘ಡಿಎನ್‌ಎಂಟಿ3ಎ, ವಿಎಎಫ್ 6%, ಚಿಪ್’ ಎಂದಿದೆ. ಇದು ರಕ್ತದ ಕ್ಯಾನ್ಸರಿನ ಆರಂಭವೇ? (ಪೆರ್ಲ)

ಉತ್ತರ: ಅಲ್ಲ. ತಂದೆಯವರಿಗೆ ಇವತ್ತು ಕ್ಯಾನ್ಸರ್ ಇಲ್ಲ, ಈ ರಿಪೋರ್ಟಿಗಾಗಿ ಯಾವ ಔಷಧಿಯೂ ಬೇಡ.

ರಕ್ತಕಣಗಳೆಲ್ಲ ಹುಟ್ಟುವುದು ಅಸ್ಥಿಮಜ್ಜೆಯಲ್ಲಿರುವ ಆಕರಕೋಶಗಳಿಂದ. ವಯಸ್ಕರಲ್ಲಿ ಸುಮಾರು 50 ಸಾವಿರದಿಂದ 2 ಲಕ್ಷ ಆಕರಕೋಶಗಳು ಈ ಕೆಲಸ ಮಾಡುತ್ತಿರುತ್ತವೆ. ಒಂದೊಂದು ಕೋಶದ ಡಿಎನ್‌ಎಯಲ್ಲಿ ವರ್ಷಕ್ಕೆ ಸರಾಸರಿ 17ರಷ್ಟು ಸಣ್ಣ ಬದಲಾವಣೆಗಳು ಸೇರುತ್ತ ಹೋಗುತ್ತವೆ. ಬಹುಪಾಲು ಬದಲಾವಣೆಗಳಿಂದ ಏನೂ ಆಗುವುದಿಲ್ಲ. ಎಲ್ಲೋ ಒಂದು ಕೋಶದಲ್ಲಿ ಮಾತ್ರ, ಆ ಕೋಶಕ್ಕೆ ಉಳಿದವುಗಳಿಗಿಂತ ಚೂರು ಹೆಚ್ಚು ಬಾಳಿಕೆ ಕೊಡುವ ಜೀನಿಗೇ ಪೆಟ್ಟು ಬೀಳುತ್ತದೆ. ಆಗ ಅದರ ಸಂತತಿ ಹೆಚ್ಚುತ್ತದೆ, ಒಂದೇ ತಾಯಿಮರದ ಸಸಿಗಳು ಮೂವತ್ತು ವರ್ಷದಲ್ಲಿ ಅಡಿಕೆ ತೋಟದ ಒಂದು ಮೂಲೆಯನ್ನು ತುಂಬಿದ ಹಾಗೆ. ಹೀಗೆ ಒಂದೇ ಕೋಶದಿಂದ ಬೆಳೆದ ಗುಂಪಿಗೆ ಕ್ಲೋನ್ ಎನ್ನುತ್ತೇವೆ. ರಕ್ತದ ಕ್ಯಾನ್ಸರಿಗೆ ಸಂಬಂಧಿಸಿದ ಜೀನಿನಲ್ಲಿ ಇಂಥ ಬದಲಾವಣೆ 2% ಅಥವಾ ಅದಕ್ಕಿಂತ ಹೆಚ್ಚು ಪ್ರಮಾಣದಲ್ಲಿದ್ದು, ರಕ್ತಕಣಗಳ ಎಣಿಕೆ ಸರಿಯಾಗಿದ್ದು, ಕ್ಯಾನ್ಸರ್ ಇಲ್ಲದಿದ್ದರೆ ಅದನ್ನು ‘ಚಿಪ್’ ಎಂದು ಕರೆಯಬೇಕೆಂದು 2015ರಲ್ಲಿ ತಜ್ಞರು ಗೆರೆ ಎಳೆದರು. ಅದಕ್ಕೂ ಒಂದು ವರ್ಷ ಮೊದಲು, 2014ರಲ್ಲಿ, ಸಾವಿರಾರು ಜನರ ರಕ್ತದ ಡಿಎನ್‌ಎ ಓದಿದ ದೊಡ್ಡ ಅಧ್ಯಯನಗಳು ಹೊರಬಂದಿದ್ದವು. 40ರ ಕೆಳಗೆ ಇದು ಅಪರೂಪ, 70 ದಾಟಿದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಇರುತ್ತದೆ ಎಂದು ತಿಳಿದದ್ದು ಆಗಲೇ. ಇನ್ನೂ ಸೂಕ್ಷ್ಮವಾಗಿ ಹುಡುಕಿದರೆ ಈ ಲೆಕ್ಕ ಹೆಚ್ಚಾಗುತ್ತದೆ.

ಈಗ ನಿಮ್ಮ ಕೈಯಲ್ಲಿರುವ ಸಂಖ್ಯೆಯನ್ನು ಓದೋಣ. ವಿಎಎಫ್ 6% ಎಂದರೆ ಆ ಜಾಗದ ಡಿಎನ್‌ಎ ತುಣುಕುಗಳನ್ನು 1,000 ಸಲ ಓದಿದಾಗ 60 ಸಲ ಬದಲಾದ ಅಕ್ಷರ ಕಂಡಿದೆ. ಪ್ರತಿ ಕೋಶದಲ್ಲಿ ಜೀನಿನ ಎರಡು ಪ್ರತಿಗಳಿದ್ದು, ಸಾಮಾನ್ಯವಾಗಿ ಒಂದು ಮಾತ್ರ ಬದಲಾಗಿರುತ್ತದೆ. ಆದ್ದರಿಂದ ಕೋಶಗಳ ಲೆಕ್ಕಕ್ಕೆ ಇದನ್ನು ಎರಡರಿಂದ ಗುಣಿಸಬೇಕು. ತಂದೆಯವರ ಬಿಳಿ ರಕ್ತಕಣಗಳಲ್ಲಿ ಸುಮಾರು 12% ಈ ಕ್ಲೋನಿಗೆ ಸೇರಿದವು. ಅಪಾಯ ಎಷ್ಟು ಎಂಬುದು ಈ ಶೇಕಡಾವಾರಿನ ಜೊತೆಗೆ ಜೀನ್ ಯಾವುದು ಎಂಬುದರ ಮೇಲೂ ನಿಂತಿದೆ. ಡಿಎನ್‌ಎಂಟಿ3ಎ ಒಂದೇ ಇದ್ದರೆ ಅದು ಇರುವವುಗಳಲ್ಲಿ ಸೌಮ್ಯವಾದದ್ದು. ಇಳಿವಯಸ್ಸಿನಲ್ಲಿ ಇದರ ಬೆಳವಣಿಗೆ ನಿಧಾನವಾಗುತ್ತದೆ. ಟಿಪಿ53, ಜಾಕ್2, ಐಡಿಎಚ್1, ಐಡಿಎಚ್2, ರನ್ಕ್ಸ್1, ಎಸ್‌ಆರ್‌ಎಸ್‌ಎಫ್2, ಎಸ್‌ಎಫ್3ಬಿ1 ಇವುಗಳಲ್ಲಿ ಯಾವುದಾದರೂ ಇದ್ದರೆ ಮಾತು ಬೇರೆ.

ಚಿಪ್ ಇರುವ ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡರೆ ವರ್ಷಕ್ಕೆ ಶೇ. 0.5ರಿಂದ 1ರಷ್ಟು ಜನರಲ್ಲಿ ಅದು ರಕ್ತದ ಕ್ಯಾನ್ಸರಿಗೆ ತಿರುಗುತ್ತದೆ. ಆದರೆ ಈ ಸರಾಸರಿ ನಿಮ್ಮ ತಂದೆಯವರಿಗೆ ಹೊಂದುವುದಿಲ್ಲ. 2023ರಿಂದ ಬಳಕೆಯಲ್ಲಿರುವ ಅಪಾಯದ ಅಂಕಪಟ್ಟಿ ಎಂಟು ವಿಷಯ ಕೇಳುತ್ತದೆ: ಹೆಚ್ಚು ಅಪಾಯದ ಜೀನ್ ಇದೆಯೇ, ಡಿಎನ್‌ಎಂಟಿ3ಎ ಒಂದೇ ಇರುವುದೇ, ಬದಲಾವಣೆಗಳು ಎಷ್ಟು, ವಿಎಎಫ್ 20% ಮುಟ್ಟಿದೆಯೇ, ವಯಸ್ಸು 65 ಆಗಿದೆಯೇ, ಯಾವುದಾದರೂ ರಕ್ತಕಣ ಕಡಿಮೆಯಿದೆಯೇ, ಎಂಸಿವಿ (ಕೆಂಪು ಕಣಗಳ ಸರಾಸರಿ ಗಾತ್ರ) 100 ದಾಟಿದೆಯೇ, ಆರ್‌ಡಿಡಬ್ಲ್ಯೂ (ಕೆಂಪು ಕಣಗಳ ಗಾತ್ರದಲ್ಲಿನ ಏರುಪೇರು) 15 ಮುಟ್ಟಿದೆಯೇ. ಕೊನೆಯ ಮೂರಕ್ಕೆ ಉತ್ತರ ಸಿಗುವುದು ಊರಿನ ಯಾವ ಲ್ಯಾಬಿನಲ್ಲೂ ಆಗುವ ಸಾಮಾನ್ಯ ಸಿಬಿಸಿ (ರಕ್ತಕಣಗಳ ಎಣಿಕೆ) ಚೀಟಿಯಲ್ಲೇ. ತಂದೆಯವರ ಎಂಸಿವಿ, ಆರ್‌ಡಿಡಬ್ಲ್ಯೂ ಸರಿಯಿದ್ದರೆ ಅವರು ಬರುವುದು ಕಡಿಮೆ ಅಪಾಯದ ಗುಂಪಿಗೆ. ಆ ಗುಂಪಿನಲ್ಲಿ ಹತ್ತು ವರ್ಷದಲ್ಲಿ ರಕ್ತದ ಕ್ಯಾನ್ಸರ್ ಕಂಡದ್ದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಲ್ಲಿ. ಹೆಚ್ಚು ಅಪಾಯದ ಗುಂಪಿನಲ್ಲಿ ಅದು ಅರ್ಧದಷ್ಟು ಜನರಲ್ಲಿ! ಒಂದೇ ‘ಚಿಪ್’ ಎಂಬ ಹೆಸರಿನ ಕೆಳಗೆ ಇಷ್ಟು ಅಂತರ ಇರುವಾಗ, ಹೆಸರು ಮಾತ್ರ ನೋಡಿ ಹೆದರುವುದರಲ್ಲಿ ಅರ್ಥವಿಲ್ಲ.

ಮಾಡಬೇಕಾದದ್ದು ಇಷ್ಟು. ಆರು ತಿಂಗಳ ಒಳಗೆ ಇನ್ನೊಮ್ಮೆ ಸಿಬಿಸಿ, ಆಮೇಲೆ ವರ್ಷಕ್ಕೊಮ್ಮೆ. ಸಾಧ್ಯವಾದರೆ ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಹಳೆಯ ಚೀಟಿಗಳನ್ನು ಬಿಸಾಡಬೇಡಿ. ಹಿಮೋಗ್ಲೋಬಿನ್ ಗಂಡಸರಲ್ಲಿ 13ಕ್ಕಿಂತ, ಹೆಂಗಸರಲ್ಲಿ 12ಕ್ಕಿಂತ ಕೆಳಗೆ, ನ್ಯೂಟ್ರೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) 1,800ಕ್ಕಿಂತ ಕೆಳಗೆ, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗೆ ಇಳಿದು, ಬೇರೆ ಕಾರಣ ಸಿಗದೆ ನಾಲ್ಕು ತಿಂಗಳು ಹಾಗೆಯೇ ಉಳಿದರೆ ಅದು ಚಿಪ್ ಅಲ್ಲ. ಅದರ ಮುಂದಿನ ಹಂತ. ಆಗ ರಕ್ತರೋಗ ತಜ್ಞರು ಅಸ್ಥಿಮಜ್ಜೆಯ ಪರೀಕ್ಷೆಗೆ ಹೇಳುತ್ತಾರೆ. ಡೆಂಗ್ಯೂ, ಇಲಿಜ್ವರದ ಸಮಯದಲ್ಲಿ ಇಳಿದ ಎಣಿಕೆ ಈ ಲೆಕ್ಕಕ್ಕೆ ಬರುವುದಿಲ್ಲ; ಜ್ವರ ಬಿಟ್ಟು ನಾಲ್ಕರಿಂದ ಆರು ವಾರ ಕಳೆದ ಮೇಲೆ ನೋಡಿದ್ದೇ ಲೆಕ್ಕ.

ಪ್ರಶ್ನೆ: ಹಾಗಾದರೆ ಇದು ಮಕ್ಕಳಿಗೆ ಬರುತ್ತದೆಯೇ? ನಮಗೆ ಮೂವರಿಗೂ ಪರೀಕ್ಷೆ ಮಾಡಿಸಬೇಕೇ? (ಅವರದೇ ಎರಡನೇ ಪ್ರಶ್ನೆ)

ಉತ್ತರ: ಬೇಡ. ಹುಟ್ಟಿದ ಎಷ್ಟೋ ವರ್ಷಗಳ ಮೇಲೆ ರಕ್ತದ ಕೋಶದಲ್ಲಿ ಆದ ಬದಲಾವಣೆ ಅಂಡ, ವೀರ್ಯಗಳಿಗೆ ದಾಟುವುದಿಲ್ಲ. ಎಚ್ಚರ ಬೇಕಾದದ್ದು ಒಂದೇ ಕಡೆ: ವಿಎಎಫ್ 50%ರ ಆಸುಪಾಸಿನಲ್ಲಿದ್ದರೆ ಅದು ಹುಟ್ಟಿನಿಂದಲೇ ಮೈಯ ಎಲ್ಲ ಕೋಶಗಳಲ್ಲಿ ಇರುವಂಥದ್ದಾಗಿರಬಹುದು. ಡಿಡಿಎಕ್ಸ್41 ಎಂಬ ಜೀನ್ ಇದಕ್ಕೆ ಉದಾಹರಣೆ. ಅದನ್ನು ಖಚಿತ ಮಾಡಲು ರಕ್ತ ಬಿಟ್ಟು ಬೇರೆ ಕಡೆಯ ಡಿಎನ್‌ಎ ಬೇಕು. ಎಂಜಲು ಆಗದು, ಅದರಲ್ಲೂ ಬಿಳಿ ರಕ್ತಕಣಗಳು ತುಂಬಾ ಇರುತ್ತವೆ. ಚರ್ಮದ ಸಣ್ಣ ತುಣುಕಿನಿಂದ ಬೆಳೆಸಿದ ಕೋಶಗಳೇ ಇದಕ್ಕೆ ಸರಿಯಾದ ಮಾದರಿ.

ಪ್ರಶ್ನೆ: ಅಮ್ಮನಿಗೆ 68. ಹಿಮೋಗ್ಲೋಬಿನ್ 10.2, ಎಂಸಿವಿ 109. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಯಾಸಿಗೆ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುತ್ತಾರೆ. ನಾವು ಸಸ್ಯಾಹಾರಿಗಳು. ನೆಂಟರೊಬ್ಬರು ‘ಎಂಸಿವಿ ನೂರು ದಾಟಿದರೆ ಅಸ್ಥಿಮಜ್ಜೆ ಕೆಟ್ಟಿದೆ ಎಂದರ್ಥ, ಕೂಡಲೇ ಜೀನ್ ಪರೀಕ್ಷೆ ಮಾಡಿಸಿ’ ಎನ್ನುತ್ತಿದ್ದಾರೆ. (ಬದಿಯಡ್ಕ)

ಉತ್ತರ: ಸಸ್ಯಾಹಾರ, ಮೆಟ್‌ಫಾರ್ಮಿನ್, ಪ್ಯಾಂಟೊಪ್ರಜೋಲ್ ಈ ಮೂರೂ ಸೇರಿದ ಕಡೆ ಮೊದಲು ಸಂಶಯಪಡಬೇಕಾದದ್ದು ಬಿ12 ಕೊರತೆಯನ್ನು. ಬಿ12 ಸಿಗುವುದು ಪ್ರಾಣಿಮೂಲದ ಆಹಾರದಿಂದ. ದಿನಕ್ಕೆ ಎರಡು ಲೋಟ ಮಜ್ಜಿಗೆ ಕುಡಿಯುವವರಿಗೂ ಸಾಲದೆ ಬರಬಹುದು. ಮೆಟ್‌ಫಾರ್ಮಿನ್ ಅದನ್ನು ಕರುಳು ಹೀರದಂತೆ ಮಾಡುತ್ತದೆ. ಪ್ಯಾಂಟೊಪ್ರಜೋಲಿನಿಂದ ಹೊಟ್ಟೆಯ ಆಮ್ಲ ಕಡಿಮೆಯಾಗಿ, ಆಹಾರದಿಂದ ಬಿ12 ಬಿಡುಗಡೆಯಾಗುವುದೇ ಕಷ್ಟವಾಗುತ್ತದೆ.

ಅಮ್ಮನಿಗೆ ಜೀನ್ ಪರೀಕ್ಷೆಗಿಂತ ಮೊದಲು ಬೇಕಾದವು: ಬಿ12, ಫೋಲೇಟ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಯಕೃತ್ತು ಮತ್ತು ಕಿಡ್ನಿಯ ಪರೀಕ್ಷೆ, ರೆಟಿಕ್ಯುಲೊಸೈಟ್ (ಎಳೆಯ ಕೆಂಪು ಕಣ) ಎಣಿಕೆ, ಮತ್ತು ಪೆರಿಫೆರಲ್ ಸ್ಮಿಯರ್, ಅಂದರೆ ಗಾಜಿನ ಮೇಲೆ ರಕ್ತ ಸವರಿ ಪೆಥಾಲಜಿಸ್ಟ್ ಕಣ್ಣಾರೆ ನೋಡುವುದು. ಬಿ12 ಕೊರತೆಯಲ್ಲಿ ಕೆಂಪು ಕಣಗಳು ದೊಡ್ಡದಾಗಿ ಮೊಟ್ಟೆಯಾಕಾರ ತಾಳುತ್ತವೆ, ನ್ಯೂಟ್ರೊಫಿಲ್‌ಗಳ ನ್ಯೂಕ್ಲಿಯಸ್ ಐದಾರು ಹಾಲೆಗಳಾಗಿ ಒಡೆದಿರುತ್ತದೆ. ಮಜ್ಜೆಯ ಕ್ಲೋನ್ ಕೆಟ್ಟಾಗ ನ್ಯೂಟ್ರೊಫಿಲ್ ಇದಕ್ಕೆ ವಿರುದ್ಧವಾಗಿ ಎರಡೇ ಹಾಲೆಯದಾಗಿ, ಒಳಗಿನ ಕಣಗಳು ಮಾಸಿದಂತೆ ಕಾಣಬಹುದು. ಅನುಭವ ಇರುವವರು ನೋಡಿದ ಒಂದು ಸ್ಮಿಯರ್ ಎಷ್ಟೋ ದುಬಾರಿ ಪರೀಕ್ಷೆಗಳನ್ನು ಉಳಿಸುತ್ತದೆ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಸ್ಮಿಯರ್ ಬೇಕೆಂದು ಕೇಳಿ ಮಾಡಿಸಿಕೊಳ್ಳಿ.

ಇನ್ನೂ ಒಂದು ವಿಷಯ. ಹಳ್ಳಿಯ ಸಂಗ್ರಹ ಕೇಂದ್ರದಲ್ಲಿ ತೆಗೆದ ರಕ್ತ ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಹೊರಗೆ ಉಳಿದರೆ ಕೆಂಪು ಕಣಗಳು ನೀರು ಹೀರಿ ಉಬ್ಬುತ್ತವೆ, ಎಂಸಿವಿ ಇಲ್ಲದ ಏರಿಕೆ ತೋರಿಸುತ್ತದೆ. 109ರಷ್ಟು ಏರಿಕೆಯನ್ನು ಇದೊಂದರ ಮೇಲೇ ಹಾಕಲು ಬರುವುದಿಲ್ಲ, ಆದರೂ ಮರುಪರೀಕ್ಷೆಯ ರಕ್ತ ಅದೇ ದಿನ ಯಂತ್ರಕ್ಕೆ ಹೋಗಲಿ.

ಕೊರತೆ ಖಚಿತವಾದರೆ ಸಾಮಾನ್ಯವಾಗಿ 1,000 ಮೈಕ್ರೊಗ್ರಾಮಿನ ಬಿ12 ಇಂಜೆಕ್ಷನ್‌ಗಳಿಂದ ಆರಂಭಿಸಿ, ಆಮೇಲೆ ತಿಂಗಳಿಗೊಮ್ಮೆ ಅಥವಾ ದಿನಾ ಮಾತ್ರೆ ಎಂದು ವೈದ್ಯರು ನಿಗದಿ ಮಾಡುತ್ತಾರೆ. ವಾರದೊಳಗೆ ರೆಟಿಕ್ಯುಲೊಸೈಟ್ ಏರಬೇಕು, ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ ಸರಿಹೋಗಬೇಕು. ಫೋಲಿಕ್ ಆ್ಯಸಿಡ್ ಮಾತ್ರೆಯೊಂದನ್ನೇ ಕೊಡುವ ತಪ್ಪು ಮಾಡಬೇಡಿ. ರಕ್ತ ಸುಧಾರಿಸಿದಂತೆ ಕಂಡು, ಬಿ12 ಕೊರತೆಯಿಂದ ಕಾಲು ಜೋಮು ಹಿಡಿಯುವ ನರದ ತೊಂದರೆ ಒಳಗೊಳಗೇ ಮುಂದುವರಿಯುತ್ತದೆ. ಎಲ್ಲ ಕೊರತೆ ತುಂಬಿದ ಮೂರು ತಿಂಗಳ ಮೇಲೂ ಎಂಸಿವಿ ನೂರರ ಮೇಲೆ ನಿಂತು ಹಿಮೋಗ್ಲೋಬಿನ್ ಏರದಿದ್ದರೆ, ಆಗ ನೆಂಟರು ಹೇಳಿದ ಪರೀಕ್ಷೆಗೆ ಅರ್ಥ ಬರುತ್ತದೆ.

ಪ್ರಶ್ನೆ: ನನಗೆ 58. ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಜೀನ್ ಪರೀಕ್ಷೆಯಲ್ಲಿ ಟೆಟ್2, ವಿಎಎಫ್ 14% ಬಂದಿದೆ. ರಕ್ತದ ಜೀನಿಗೂ ಹೃದಯಕ್ಕೂ ಏನು ಸಂಬಂಧ? ಕಾಲ್ಚಿಸಿನ್ ತೆಗೆದುಕೊಂಡರೆ ಒಳ್ಳೆಯದೆಂದು ಓದಿದೆ. ದಿನಕ್ಕೆ ಹತ್ತು ಬೀಡಿ ಸೇದುತ್ತಿದ್ದೆ, ಈಗ ಎರಡಕ್ಕೆ ಇಳಿಸಿದ್ದೇನೆ. (ಕುಂಬಳೆ)

ಉತ್ತರ: ಸಂಬಂಧ ಇದೆ, ಗಟ್ಟಿಯಾಗಿಯೇ ಇದೆ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಸೇರಿದಾಗ ಅದನ್ನು ತಿಂದು ತೆಗೆಯಲು ಬರುವ ಮ್ಯಾಕ್ರೊಫೇಜ್ ಕೋಶಗಳೂ ಮಜ್ಜೆಯ ಆಕರಕೋಶಗಳ ಮಕ್ಕಳೇ. ಟೆಟ್2 ಕೆಟ್ಟ ಕ್ಲೋನಿನಿಂದ ಬಂದ ಮ್ಯಾಕ್ರೊಫೇಜ್‌ಗಳು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ರಾಸಾಯನಿಕವನ್ನು ಅಗತ್ಯಕ್ಕಿಂತ ಹೆಚ್ಚು ಸುರಿಸುತ್ತವೆ. 2017ರಲ್ಲಿ ಇಲಿಗಳಲ್ಲಿ ಇದನ್ನು ನೇರವಾಗಿ ತೋರಿಸಿದರು: ಮಜ್ಜೆಯ ಹತ್ತರಲ್ಲೊಂದು ಪಾಲು ಕೋಶಗಳಲ್ಲಿ ಮಾತ್ರ ಟೆಟ್2 ಇಲ್ಲದಂತೆ ಮಾಡಿದಾಗಲೂ ರಕ್ತನಾಳದ ಕೊಬ್ಬಿನ ಗಡ್ಡೆ ದೊಡ್ಡದಾಯಿತು. ಅದೇ ವರ್ಷ ಮನುಷ್ಯರ ಮೇಲಿನ ಅಧ್ಯಯನದಲ್ಲಿ ಚಿಪ್ ಇರುವವರಿಗೆ ಹೃದಯದ ರಕ್ತನಾಳದ ಕಾಯಿಲೆ ಸುಮಾರು 1.9 ಪಟ್ಟು ಕಂಡಿತು. ನಂತರದ ಇನ್ನೂ ದೊಡ್ಡ ಅಧ್ಯಯನಗಳಲ್ಲಿ ಈ ಪಟ್ಟು ಕಡಿಮೆ ಬಂದಿದೆ. ಜಾಕ್2 ಇದ್ದವರಲ್ಲಿ ಅಪಾಯ ಎಲ್ಲಕ್ಕಿಂತ ಹೆಚ್ಚು, ಏಕೆಂದರೆ ಅಲ್ಲಿ ಉರಿಯೂತದ ಜೊತೆ ರಕ್ತ ಹೆಪ್ಪುಗಟ್ಟುವ ಸ್ವಭಾವವೂ ಸೇರುತ್ತದೆ.

ಕಾಲ್ಚಿಸಿನ್ 0.5 ಮಿ.ಗ್ರಾಂ ಹೃದ್ರೋಗಿಗಳಲ್ಲಿ ಉರಿಯೂತ ತಗ್ಗಿಸಲು ಬಳಕೆಯಲ್ಲಿದೆ, ನಿಜ. ಆದರೆ ಟೆಟ್2 ಇದೆ ಎಂಬ ಒಂದೇ ಕಾರಣಕ್ಕೆ ಅಂಗಡಿಯಿಂದ ತಂದು ನುಂಗುವ ಮಾತ್ರೆ ಇದಲ್ಲ. ಕಿಡ್ನಿ ದುರ್ಬಲವಾಗಿದ್ದರೆ ಅದು ಮೈಯಲ್ಲಿ ಸೇರುತ್ತ ಹೋಗಿ ಮಾಂಸಖಂಡಕ್ಕೂ ಮಜ್ಜೆಗೂ ವಿಷವಾಗುತ್ತದೆ. ಕ್ಲಾರಿಥ್ರೊಮೈಸಿನ್, ವೆರಾಪಮಿಲ್, ಡಿಲ್ಟಿಯಜೆಮ್ ಜೊತೆಗಿದ್ದರೆ ಅದೇ ಪ್ರಮಾಣ ಹೆಚ್ಚಾಗಿಬಿಡುತ್ತದೆ. ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ) ರಿಪೋರ್ಟು ಮತ್ತು ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿಯೊಂದಿಗೆ ಹೃದಯತಜ್ಞರಲ್ಲಿ ಕೇಳಿ, ನಿರ್ಧಾರ ಅವರದಿರಲಿ.

ನಿಮ್ಮ ಕೈಯಲ್ಲೇ ಇರುವ ಚಿಕಿತ್ಸೆ ಬೇರೆ ಇದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಒಂದು ದಿನವೂ ತಪ್ಪಬಾರದು. ಸ್ಟೆಂಟ್ ಆದವರ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 55ರ ಕೆಳಗೆ, ಹೆಚ್ಚೆಂದರೆ 70ರ ಕೆಳಗೆ ಇರಬೇಕು. ಬಿಪಿ, ಸಕ್ಕರೆ ಹತೋಟಿಯಲ್ಲಿರಬೇಕು. ಬೀಡಿಯ ಬಗ್ಗೆ ಬಿಚ್ಚಿ ಹೇಳಬೇಕು: ಎರಡು ಬೀಡಿ ಎಂದರೆ ಬಿಟ್ಟಂತೆ ಅಲ್ಲ. ರಕ್ತನಾಳಕ್ಕೆ ಹಾನಿ ಮಾಡಲು ದಿನಕ್ಕೊಂದು ಸಾಕು. ಹೊಗೆಬತ್ತಿ ಸೇದುವವರಲ್ಲಿ ಎಎಸ್‌ಎಕ್ಸ್‌ಎಲ್1 ಎಂಬ ಇನ್ನೊಂದು ಜೀನಿನ ಕ್ಲೋನ್ ಹೆಚ್ಚಾಗಿ ಕಾಣುತ್ತದೆ. ಇದ್ದ ಕ್ಲೋನಿಗೆ ಎರಡನೆಯದು ಸೇರಲು ದಾರಿ ಮಾಡಿಕೊಡಬೇಡಿ. ಇಷ್ಟು ಇಳಿಸಿದವರಿಗೆ ಉಳಿದೆರಡನ್ನು ಬಿಡುವುದು ಅಸಾಧ್ಯವೇನಲ್ಲ, ನಿಕೊಟಿನ್ ಚ್ಯೂಯಿಂಗ್ ಗಮ್ ಸಹಾಯಕ್ಕಿದೆ.

ಪ್ರಶ್ನೆ: ಆರು ವರ್ಷದ ಹಿಂದೆ ಸ್ತನ ಕ್ಯಾನ್ಸರಿಗೆ ಕಿಮೊ, ರೇಡಿಯೇಶನ್ ಆಗಿದೆ. ಕಿಮೊದಿಂದ ರಕ್ತದ ಕ್ಯಾನ್ಸರ್ ಬರಬಹುದು ಎನ್ನುತ್ತಾರೆ. ನಾನು ಏನು ಜಾಗ್ರತೆ ಮಾಡಬೇಕು? (ಮುಳ್ಳೇರಿಯ, ವಯಸ್ಸು 61)

ಉತ್ತರ: ಬರುವುದುಂಟು, ಆದರೆ ಬಹಳ ಕಡಿಮೆ ಜನರಿಗೆ. ಕಿಮೊ ನಿಮ್ಮ ಜೀವ ಉಳಿಸಿದೆ ಎಂಬುದರ ಮುಂದೆ ಈ ಅಪಾಯ ಸಣ್ಣದು. ಪಿಪಿಎಂ1ಡಿ, ಟಿಪಿ53 ಜೀನುಗಳಲ್ಲಿ ಬದಲಾವಣೆ ಆದ ಕೋಶಗಳು ಕಿಮೊಗಿಂತ ಮೊದಲೇ ಒಂದೆರಡು ಇರುತ್ತವೆ. ಡಿಎನ್‌ಎ ಮುರಿಯುವ ಔಷಧಿ ಬಿದ್ದಾಗ ಉಳಿದ ಕೋಶಗಳು ಸಾಯುತ್ತವೆ, ಇವು ಸಾಯದೆ ಜಾಗ ಹಿಡಿಯುತ್ತವೆ. ಸೈಕ್ಲೊಫಾಸ್ಫಮೈಡ್ ಗುಂಪಿನ ಔಷಧಿಯಿಂದ ಬರುವ ರಕ್ತದ ಕ್ಯಾನ್ಸರ್ ಸಾಮಾನ್ಯವಾಗಿ ಐದರಿಂದ ಏಳು ವರ್ಷದ ಮೇಲೆ, ಡಾಕ್ಸೊರುಬಿಸಿನ್ ಗುಂಪಿನದು ಒಂದರಿಂದ ಮೂರು ವರ್ಷದೊಳಗೆ ಕಾಣಿಸುತ್ತದೆ. ನೀವು ಮೊದಲ ಅವಧಿಯೊಳಗೇ ಇರುವುದರಿಂದ ಆರು ತಿಂಗಳಿಗೊಮ್ಮೆ ಸಿಬಿಸಿ ಮಾಡಿಸುವುದು ಒಳ್ಳೆಯದು. ಹಳೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾವ ಔಷಧಿ, ಎಷ್ಟು ಸೈಕಲ್ ಎಂಬುದು ಇರುತ್ತದೆ. ಮುಂದೆ ತಲಶ್ಶೇರಿಗೆ ಹೋಗಲಿ, ಮಂಗಳೂರಿಗೆ ಹೋಗಲಿ, ಆ ಕಾಗದ ಕೈಯಲ್ಲಿರಲಿ.

ಪ್ರಶ್ನೆ: ಮಾವನಿಗೆ 64. ಒಂದು ವರ್ಷದಿಂದ ಬಿಟ್ಟು ಬಿಟ್ಟು ಜ್ವರ, ಮೈಮೇಲೆ ಕೆಂಪು ಗಂಟು, ಎರಡು ಸಲ ಕಿವಿ ಕೆಂಪಾಗಿ ಊದಿಕೊಂಡಿದೆ. ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್ ಮಾತ್ರೆ) ಕೊಟ್ಟರೆ ಎರಡು ದಿನದಲ್ಲಿ ಕಮ್ಮಿ, 20 ಮಿ.ಗ್ರಾಂಗಿಂತ ಇಳಿಸಿದರೆ ಮತ್ತೆ ಶುರು. ಹಿಮೋಗ್ಲೋಬಿನ್ 9.6, ಎಂಸಿವಿ 106, ಬಿ12 ಸರಿಯಿದೆ. ಯಾವ ಸೋಂಕೂ ಸಿಕ್ಕಿಲ್ಲ. (ಮಂಜೇಶ್ವರ)

ಉತ್ತರ: ಈ ಸಂಚಿಕೆಯ ಪತ್ರಗಳಲ್ಲಿ ತಡಮಾಡದೆ ಹೊರಡಬೇಕಾದದ್ದು ನೀವು. ಕಿವಿ ಊದಿದಾಗ ಕೆಳಗಿನ ಮೆತ್ತಗಿನ ಹಾಲೆ ಬಿಟ್ಟು ಮೇಲಿನ ಗಟ್ಟಿ ಭಾಗ ಮಾತ್ರ ಕೆಂಪಾಗಿತ್ತೇ? ಹಾಗಿದ್ದರೆ ಅದು ಮೃದ್ವಸ್ಥಿಯ ಉರಿಯೂತ. ಐವತ್ತು ದಾಟಿದ ಗಂಡಸಿನಲ್ಲಿ ಇದರ ಜೊತೆ ಜ್ವರ, ಚರ್ಮದ ಗಂಟು, ದೊಡ್ಡ ಕೆಂಪು ಕಣಗಳ ರಕ್ತಹೀನತೆ ಮತ್ತು ಸ್ಟೀರಾಯ್ಡ್ ಇಳಿಸಲಾಗದ ಸ್ಥಿತಿ ಸೇರಿದರೆ ‘ವೆಕ್ಸಸ್’ ಕಾಯಿಲೆಯನ್ನು ನೆನೆಯಲೇಬೇಕು. 2020ರಲ್ಲಿ ಗುರುತಿಸಿದ ಕಾಯಿಲೆ ಇದು. ಎಕ್ಸ್ ಕ್ರೋಮೊಸೋಮಿನ ಮೇಲಿರುವ ಯುಬಿಎ1 ಜೀನ್ ಮಜ್ಜೆಯ ಆಕರಕೋಶದಲ್ಲಿ ಬದಲಾಗುವುದೇ ಕಾರಣ. ಗಂಡಸರಿಗೆ ಎಕ್ಸ್ ಒಂದೇ ಇರುವುದರಿಂದ ಹೆಚ್ಚಾಗಿ ಅವರಿಗೇ ಬರುತ್ತದೆ. ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ 50 ದಾಟಿದ ಗಂಡಸರಲ್ಲಿ 4,000ಕ್ಕೆ ಸುಮಾರು ಒಬ್ಬರಲ್ಲಿ ಇದು ಕಂಡಿದೆ, ಅಷ್ಟೇನೂ ಅಪರೂಪವಲ್ಲ.

ರೋಗ ಕೈತಪ್ಪುವುದು ಎರಡು ಕಡೆ. ಸಂಧಿವಾತ, ಚರ್ಮ, ರಕ್ತ ಎಂದು ಬೇರೆ ಬೇರೆ ವೈದ್ಯರು ಒಂದೊಂದು ತುಂಡನ್ನು ನೋಡುತ್ತಾರೆ. ಮತ್ತೆ, ರಕ್ತದ ಜೀನ್ ಪ್ಯಾನೆಲ್ (ಹಲವು ಜೀನುಗಳ ಒಟ್ಟು ಪರೀಕ್ಷೆ) ಮಾಡಿಸಿದರೂ ಎಷ್ಟೋ ಪ್ಯಾನೆಲ್‌ಗಳಲ್ಲಿ ಯುಬಿಎ1 ಸೇರಿರುವುದಿಲ್ಲ. ‘ಏನೂ ಇಲ್ಲ’ ಎಂದು ಬಂದ ರಿಪೋರ್ಟಿನ ಕೊನೆಯ ಪುಟದಲ್ಲಿ ಪರೀಕ್ಷಿಸಿದ ಜೀನುಗಳ ಪಟ್ಟಿ ನೋಡಿ, ಯುಬಿಎ1 ಇಲ್ಲದಿದ್ದರೆ ಅದನ್ನೇ ಹೆಸರಿಸಿ ಕೇಳಿ. ಮಜ್ಜೆ ಪರೀಕ್ಷೆ ಮಾಡಿದರೆ ಎಳೆಯ ಕೋಶಗಳೊಳಗೆ ಗುಳ್ಳೆಯಂಥ ಖಾಲಿ ಜಾಗಗಳಿವೆಯೇ ಎಂದು ನೋಡಲು ಹೇಳಿ. ಕಾಲು ಊತ ಬಂದರೆ ಕೂಡಲೇ ತೋರಿಸಿ, ಈ ಕಾಯಿಲೆಯಲ್ಲಿ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಸಾಮಾನ್ಯ. ಪ್ರೆಡ್ನಿಸೊಲೋನನ್ನು ಮನೆಯಲ್ಲೇ ಥಟ್ಟನೆ ನಿಲ್ಲಿಸಬೇಡಿ. ರುಕ್ಸೊಲಿಟಿನಿಬ್, ಟೊಸಿಲಿಜುಮ್ಯಾಬ್, ಅಜಾಸಿಟಿಡಿನ್ ಹೀಗೆ ದಾರಿಗಳಿವೆ, ಯೋಗ್ಯರಾದ ಕೆಲವರಿಗೆ ಮಜ್ಜೆಯ ಕಸಿಯೂ ಇದೆ.

ಪ್ರಶ್ನೆ: ನಮ್ಮ ಊರಿನ ಗೇರು ತೋಪುಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರು. ನನ್ನ ರಕ್ತದ ಜೀನ್ ಪರೀಕ್ಷೆ ಮಾಡಿಸಿದರೆ ಅದರಿಂದ ಆದ ಹಾನಿ ಎಂದು ಸಾಬೀತು ಮಾಡಬಹುದೇ? (ಎಣ್ಮಕಜೆ)

ಉತ್ತರ: ಆಗದು. ಆ ಸಿಂಪಡಣೆ 2000ದವರೆಗೆ ನಡೆಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶಾದ್ಯಂತ ತಡೆಯಿತು. ಎಣ್ಮಕಜೆಯಂಥ ಪಂಚಾಯತುಗಳ ಮನೆಗಳು ಪಟ್ಟ ಪಾಡು ಯಾವ ರಿಪೋರ್ಟಿನ ಸಾಕ್ಷಿಗೂ ಕಾಯಬೇಕಾದದ್ದಲ್ಲ. ಆದರೆ ಚಿಪ್ ಪರೀಕ್ಷೆ ಆ ಪ್ರಶ್ನೆಗೆ ಉತ್ತರ ಕೊಡುವ ಸಾಧನವಲ್ಲ. ಡಿಎನ್‌ಎಂಟಿ3ಎ ಬದಲಾಗಿದೆ ಎಂದು ಅದು ಹೇಳುತ್ತದೆ, ಯಾರಿಂದ ಬದಲಾಯಿತು ಎಂದು ಹೇಳುವುದಿಲ್ಲ. ಎಂದೂ ವಿಷ ಕಾಣದ ಊರಿನ ಎಪ್ಪತ್ತರ ಹಿರಿಯರಲ್ಲೂ ಅದೇ ಜೀನ್ ಅದೇ ಜಾಗದಲ್ಲಿ ಬದಲಾಗಿರುತ್ತದೆ. ಪರಿಹಾರದ ಅರ್ಜಿಗೆ ಇದನ್ನು ಲಗತ್ತಿಸಲು ಹಣ ಖರ್ಚು ಮಾಡಬೇಡಿ. ಅದೇ ಹಣದಲ್ಲಿ ಮನೆಯವರೆಲ್ಲರ ಸಿಬಿಸಿ, ಥೈರಾಯ್ಡ್, ಬಿಪಿ ನೋಡಿಸಿದರೆ ಚಿಕಿತ್ಸೆ ಇರುವ ತೊಂದರೆ ಸಿಗುವ ಸಂಭವ ಹೆಚ್ಚು.

ಪ್ರಶ್ನೆ: ಆಟಿ ಅಮಾವಾಸ್ಯೆಯ ಪಾಲೆ ಕೆತ್ತೆಯ (ಮರದ ತೊಗಟೆಯ) ಕಷಾಯ, ಗೋಧಿಹುಲ್ಲಿನ ರಸ, ವಿಟಮಿನ್ ಸಿ ಇವುಗಳಿಂದ ಕ್ಲೋನ್ ಕರಗುತ್ತದೆಯೇ? (ಉಪ್ಪಳ)

ಉತ್ತರ: ಇಲ್ಲ. ಟೆಟ್2 ಕೆಟ್ಟ ಇಲಿಗಳಲ್ಲಿ ವಿಟಮಿನ್ ಸಿ ಕೆಲಸ ಮಾಡಿದ್ದುಂಟು, ಮನುಷ್ಯರಿಗೆ ಚಿಪ್ ಚಿಕಿತ್ಸೆಯೆಂದು ಒಪ್ಪಿದ ಮಾತ್ರೆ ಯಾವುದೂ ಇಲ್ಲ. ಗ್ರಾಂಗಟ್ಟಲೆ ವಿಟಮಿನ್ ಸಿ ನುಂಗಿದರೆ ಕಿಡ್ನಿಯಲ್ಲಿ ಕಲ್ಲಾದೀತು. ಆಟಿಯ ಕಷಾಯ ಸಂಪ್ರದಾಯಕ್ಕೆ ಕುಡಿಯುವವರು ಮರದ ಗುರುತು ಚೆನ್ನಾಗಿ ಬಲ್ಲವರಿಂದಲೇ ಕೆತ್ತೆ ತರಿಸಿ. ಕತ್ತಲಲ್ಲಿ ಪಾಲೆಯ ಬದಲು ಕಾಸರಕದ ತೊಗಟೆ ಬಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್.

ಪ್ರಶ್ನೆ: ನನಗೆ 66. ಆರೋಗ್ಯವಾಗಿದ್ದೇನೆ. ಕಳೆದ ವಾರದ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ 62 ಸಾವಿರ, ಕೆಳಗೆ ‘ಕ್ಲಂಪ್ಸ್ ಸೀನ್’ ಎಂದು ಬರೆದಿದೆ. ಚಿಪ್ ಪರೀಕ್ಷೆ ಮಾಡಿಸಲೇ? (ನೀರ್ಚಾಲು)

ಉತ್ತರ: ಈಗ ಬೇಡ. ಕೆಲವರ ಪ್ಲೇಟ್‌ಲೆಟ್‌ಗಳು ಇಡಿಟಿಎ ತಾಗಿದರೆ ಟ್ಯೂಬಿನೊಳಗೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಯಂತ್ರಕ್ಕೆ ಮುದ್ದೆ ಪ್ಲೇಟ್‌ಲೆಟ್ ಎಂದು ಗೊತ್ತಾಗುವುದಿಲ್ಲ, ಎಣಿಕೆ ಸುಳ್ಳೇ ಇಳಿಯುತ್ತದೆ. ಮೈಯೊಳಗೆ ಏನೂ ಕಡಿಮೆ ಆಗಿರುವುದಿಲ್ಲ. ರಕ್ತಸ್ರಾವ, ಮೈಮೇಲೆ ಕೆಂಪು ಚುಕ್ಕೆ ಇಲ್ಲದಿದ್ದರೆ ನೀಲಿ ಮುಚ್ಚಳದ ಸೋಡಿಯಂ ಸಿಟ್ರೇಟ್ ಟ್ಯೂಬಿನಲ್ಲಿ ಇನ್ನೊಮ್ಮೆ ರಕ್ತ ಕೊಡಿ. ಟ್ಯೂಬ್ ಗುರುತಿನವರೆಗೆ ತುಂಬಿರಬೇಕು, ತಕ್ಷಣ ಎಣಿಸಬೇಕು. ಸಿಟ್ರೇಟ್ ದ್ರವ ಸೇರಿ ರಕ್ತ ತೆಳುವಾಗುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಲು ಲ್ಯಾಬಿನವರಿಗೆ ನೆನಪಿಸಿ. ಅದರಲ್ಲೂ ಒಂದು ಲಕ್ಷಕ್ಕಿಂತ ಕಡಿಮೆ ಬಂದು, ಮುದ್ದೆ ಇಲ್ಲ ಎಂದು ಸ್ಮಿಯರ್ ಹೇಳಿದರೆ ರಕ್ತರೋಗ ತಜ್ಞರನ್ನು ಕಾಣಿ.